ಬನಿಯನ್ ಬಟ್ಟೆಯ ಪರ ಒಂದು ವಕಾಲತ್ತು

ಮನೆಯ ಹೊಲಿಗೆ ಮಿಷಿನ್ನಿನಲ್ಲಿ ಟೀ ಶರ್ಟ್ ಹೊಲಿಯಲು ಹೋಗಿ ಕೈಸುಟ್ಟುಕೊಂಡವರೆಲ್ಲ ಬೈಯುವುದು ಬಟ್ಟೆಯನ್ನೇ. ಜಾರುತ್ತದೆ, ಹಿಗ್ಗುತ್ತದೆ, ಸುರುಳಿ ಸುತ್ತುತ್ತದೆ, ಮಿಷಿನ್ನಿನ ಬಾಯಿಗೆ ಹೋಗಿ ಸಿಕ್ಕಿಕೊಳ್ಳುತ್ತದೆ ಎಂದು ಆರೋಪಪಟ್ಟಿ ಉದ್ದವಿದೆ. ಆರೋಪಿಯ ಪರ ನಿಲ್ಲುವವರು ಯಾರೂ ಕಾಣದ್ದರಿಂದ, ಒಂದು ಬನಿಯನ್ನಿಗಾಗಿ ಕರಿಕೋಟು ತೊಡುವುದು ನಗೆಪಾಟಲೆಂದು ಗೊತ್ತಿದ್ದೂ, ಆ ಕೆಲಸ ನಾನೇ ವಹಿಸಿಕೊಂಡಿದ್ದೇನೆ. ನನ್ನ ವಾದ ಇಷ್ಟೇ: ತಪ್ಪು ಬಟ್ಟೆಯದಲ್ಲ, ನೇರ ಹೊಲಿಗೆಯ ಮೇಲೆ ನಮಗಿರುವ ಕುರುಡು ಭಕ್ತಿಯದು. ಮೊದಲು ಕುಲಗೋತ್ರ ನೋಡಿ. ರವಿಕೆ, ಲಂಗ, ಅಂಗಿಯ ಬಟ್ಟೆ ನೇಯ್ದದ್ದು. ಹಾಸು ಹೊಕ್ಕು ಎರಡೂ ಒಂದನ್ನೊಂದು ಅಡ್ಡಗಟ್ಟಿ ಬಿಗಿಯಾಗಿ ನಿಂತಿರುತ್ತವೆ, ಓರೆಗೆ ಎಳೆದಾಗ ಮಾತ್ರ ಕೊಂಚ ಸಡಿಲುತ್ತವೆ. ಬನಿಯನ್ ಬಟ್ಟೆ ಹೆಣೆದದ್ದು. ಅದಕ್ಕೆ ಹಾಸೂ ಇಲ್ಲ, ಹೊಕ್ಕೂ ಇಲ್ಲ. ನೂಲು ಕುಣಿಕೆ ಕುಣಿಕೆಯಾಗಿ ಒಂದರ ಕೊರಳಿಗೆ ಇನ್ನೊಂದು ಜೋತುಬಿದ್ದಿರುತ್ತದೆ. ಎಳೆದರೆ ಕುಣಿಕೆ ಅಗಲವಾಗುತ್ತದೆ, ಬಿಟ್ಟರೆ ಮರಳುತ್ತದೆ. ಇಂಗ್ಲೆಂಡಿನ ಪಾದ್ರಿ ವಿಲಿಯಂ ಲೀ ಕಾಲುಚೀಲ ಹೆಣೆಯುವ ಯಂತ್ರ ಕಟ್ಟಿದ್ದು 1589ರಲ್ಲಿ. ಅಮೆರಿಕದ ಎಲಿಯಾಸ್ ಹೋವ್ ಎರಡು ದಾರದ ಹೊಲಿಗೆ ಮಿಷಿನ್ನಿಗೆ ಪೇಟೆಂಟ್ ಪಡೆದದ್ದು 1846ರಲ್ಲಿ. ಹೆಣಿಗೆ ಯಂತ್ರ 257 ವರ್ಷ ಹಿರಿಯದು. ಹೊಸದಾಗಿ ಮನೆಗೆ ಬಂದವರು ಹಿರಿಯರಿಗೆ ಹೊಂದಿಕೊಂಡು ಹೋಗಬೇಕೆಂದು ಊರಿಗೆಲ್ಲ ಉಪದೇಶ ಮಾಡುವ ನಾವು ಇಲ್ಲಿ ಮಾತ್ರ ಹಿರಿಯರೇ ತಗ್ಗಲಿ ಎನ್ನುತ್ತೇವೆ.

ಸಾಕ್ಷ್ಯ ಬೇಕಾದರೆ ಸೂಜಿಯನ್ನೇ ಕರೆಸೋಣ. ಅದು ಕೆಳಗಿಳಿದು ಮೇಲೇಳಲು ತೊಡಗಿದಾಗ ಬೆನ್ನ ಹಿಂದೆ ದಾರ ಪುಟ್ಟ ಕುಣಿಕೆಯಾಗಿ ಉಬ್ಬಬೇಕು, ಶಟಲ್ಲಿನ ಕೊಕ್ಕೆ ಬಂದು ಅದನ್ನು ಹಿಡಿಯಬೇಕು. ಹಿಗ್ಗುವ ಬಟ್ಟೆ ಸೂಜಿಯನ್ನೇ ಅಪ್ಪಿಕೊಂಡು ಮೇಲೆದ್ದರೆ ಕುಣಿಕೆ ಉಬ್ಬುವುದಿಲ್ಲ. ಕೊಕ್ಕೆ ಬರಿಗಾಳಿ ಹಿಡಿದು ವಾಪಸಾಗುತ್ತದೆ, ಹೊಲಿಗೆ ತಪ್ಪುತ್ತದೆ. ಚೂಪು ಸೂಜಿ ನೂಲನ್ನೇ ಕಡಿದರಂತೂ ಕುಣಿಕೆಗಳು ಸಾಲಾಗಿ ಕಳಚಿಕೊಳ್ಳುತ್ತವೆ. ಬಾಲ್ ಪಾಯಿಂಟ್ ಸೂಜಿಯ ತುದಿ ದುಂಡಗಿರುವುದರಿಂದ ಅದು ನೂಲನ್ನು ಚುಚ್ಚದೆ ಪಕ್ಕಕ್ಕೆ ಸರಿಸಿ ದಾಟುತ್ತದೆ, ಜಾತ್ರೆಯಲ್ಲಿ ದಾರಿ ಬಿಡಿಸಿಕೊಂಡು ಹೋಗುವ ಹೆಂಗಸಿನ ಹಾಗೆ. ತೆಳು ಬಟ್ಟೆಗೆ 11ನೇ ನಂಬರಿನ ಸೂಜಿ, ದಪ್ಪಕ್ಕೆ 14. ಇದು ಸುಲಭದ ಭಾಗ.

ಕಷ್ಟದ ಭಾಗ ಕೊರಳು. ನೇರ ಹೊಲಿಗೆ ಹಾಕಿದ ಕೊರಳಪಟ್ಟಿ ಮೇಜಿನ ಮೇಲೆ ಹರಡಿದಾಗ ನೋಡಬೇಕು. ಹೊಲಿಗೆ ಟೀಚರು ಅಡಿಪಟ್ಟಿ ಇಟ್ಟು ಅಳೆದು ಹತ್ತಕ್ಕೆ ಹತ್ತು ಕೊಡುವಂಥದ್ದು. ಆದರೆ ಟೀ ಶರ್ಟಿಗೆ ಗುಂಡಿಯಿಲ್ಲ, ತಲೆಯೇ ತೂರಬೇಕು. ನೆತ್ತಿ ತೂರುತ್ತದೆ. ಹಣೆ ತೂರುತ್ತದೆ. ಕಿವಿಯ ಬಳಿ ಬಂದು ನಿಲ್ಲುತ್ತದೆ. ಈಗ ಒಳಗಿರುವ ಮನುಷ್ಯನಿಗೆ ಜಗತ್ತು ಹತ್ತಿಯ ಕತ್ತಲು. ಎರಡೂ ಕೈ ಮೇಲೆ, ಮೂಗು ಚಪ್ಪಟೆ, ಹೊರಗಿನವರಿಗೆ ಕಾಣುವುದು ಶರಣಾದ ಒಂದು ಗಂಟು. ಬಟ್ಟೆ ಪಾಪ, ಹಿಗ್ಗಲು ಸಿದ್ಧವಿದೆ. ಹುಟ್ಟಿದ್ದೇ ಅದಕ್ಕೆ. ದಾರ ಸಿದ್ಧವಿಲ್ಲ, ಅದು ನೇರ, ಪ್ರಾಮಾಣಿಕ, ಒಂದು ಗೆರೆಯೂ ಬಿಟ್ಟುಕೊಡದು. ಬಟ್ಟೆ ಅಗಲವಾಗೋಣ ಎನ್ನುತ್ತದೆ, ದಾರ ನಿಯಮದಲ್ಲಿಲ್ಲ ಎನ್ನುತ್ತದೆ, ನಡುವೆ ಕಿವಿಗಳೆರಡು ತೀರ್ಪಿಗೆ ಕಾಯುತ್ತವೆ. ಆಮೇಲೆ ‘ಟಪ್’. ಒಂದು ಕ್ಷಣ ಬಿಟ್ಟು, ಇನ್ನೇನು ತಡೆ ಎಂಬಂತೆ, ‘ಟಪಟಪಟಪ’. ತಲೆ ಹೊರಬರುತ್ತದೆ, ಹೊಲಿಗೆ ಉಳಿಯುವುದಿಲ್ಲ. ಹೆಲೆನ್ ಬ್ಲಾಂಚಾರ್ಡ್ ಎಂಬ ಅಮೆರಿಕದ ಮಹಿಳೆ 1873ರಲ್ಲಿ ಜಿಗ್‌ಜಾಗ್ ಹೊಲಿಗೆಯ ಮಿಷಿನ್ನಿಗೆ ಪೇಟೆಂಟ್ ಪಡೆದರು. ಅಂಕುಡೊಂಕು ಹೊಲಿಗೆಯ ಗುಟ್ಟು ಸರಳ: ಅದರೊಳಗೆ ಹೆಚ್ಚುವರಿ ದಾರ ಮಡಚಿಟ್ಟಿರುತ್ತದೆ, ಬಟ್ಟೆ ಹಿಗ್ಗಿದಾಗ ಆ ಮಡಿಕೆ ಬಿಚ್ಚಿಕೊಳ್ಳುತ್ತದೆ.

ನಮ್ಮ ಮನೆಯ ಹಳೇ ಕರಿ ಮಿಷಿನ್ನಿಗೆ ನೇರ ಹೊಲಿಗೆಯೊಂದೇ ಬರುತ್ತದಲ್ಲ ಎಂದು ಎದುರುವಾದಿಗಳು ಏಳಬಹುದು. ಒಪ್ಪಿದೆ. ಭುಜ, ಪಕ್ಕೆಗಳಿಗೆ, ಅದೂ ಅಂಗಿ ದೊಗಲೆಯಾಗಿದ್ದರೆ, ಪಾಲಿಯೆಸ್ಟರ್ ದಾರ ಹಾಕಿ, ಬಟ್ಟೆಯನ್ನು ಹಿಂದೆ ಮುಂದೆ ಒಂದಿಷ್ಟೇ ಬಿಗಿಹಿಡಿದು ಹೊಲಿದರೆ ನಡೆಯುತ್ತದೆ. ಒಂದಿಷ್ಟೇ ಎಂದೆ. ಕೆಳಗಿನ ಹಲ್ಲುಗಳು ಅಡಿಪದರವನ್ನು ಒಯ್ಯುತ್ತಿರುತ್ತವೆ, ಮೇಲಿನ ಪಾದ ಮೇಲ್ಪದರವನ್ನು ಒತ್ತಿ ತಡೆಯುತ್ತಿರುತ್ತದೆ. ಇವರಿಬ್ಬರ ಜಗಳಕ್ಕೆ ನಮ್ಮ ಕೈಯೂ ಸೇರಿದರೆ ಅಂಚು ಸುಟ್ಟ ಹಪ್ಪಳದಂತೆ ಅಲೆಅಲೆಯಾಗುತ್ತದೆ. ಪಾದದ ಒತ್ತಡ ಇಳಿಸಿ, ಅಡಿಗೆ ಹಳೇ ಪೇಪರಿನ ಪಟ್ಟಿ ಇಟ್ಟು ಹೊಲಿದು, ಆಮೇಲೆ ಹರಿದು ತೆಗೆದರಾಯಿತು. ಇನ್ನೊಂದು ಆಕ್ಷೇಪ ನನಗೆ ಸಿಟ್ಟು ತರಿಸುವಂಥದ್ದು: ಇನ್ನೂರು ರೂಪಾಯಿಗೆ ಸಿಗುವ ಟೀ ಶರ್ಟಿಗೆ ಇಷ್ಟೆಲ್ಲ ಯಾಕೆ? ಸಿಗುತ್ತದೆ, ನಿಜ. ಓವರ್‌ಲಾಕ್ ಮಿಷಿನ್ನಿನ ಮುಂದೆ ಇಡೀ ದಿನ ಕೂತು ಅಂಥದ್ದನ್ನು ನೂರಾರು ಹೊಲಿಯುವವರು ತಿರುಪ್ಪೂರಿನಲ್ಲಿದ್ದಾರೆ, ಬೆಂಗಳೂರಿನ ಗಾರ್ಮೆಂಟ್ಸ್‌ಗಳಲ್ಲಿದ್ದಾರೆ. 2016ರ ಏಪ್ರಿಲ್‌ನಲ್ಲಿ ಪಿಎಫ್ ಹಣ ಹಿಂಪಡೆಯುವ ನಿಯಮ ಬಿಗಿಯಾಯಿತೆಂದು ಆ ಗಾರ್ಮೆಂಟ್ಸ್‌ಗಳ ಹೆಂಗಸರೇ ಸಾವಿರಾರು ಸಂಖ್ಯೆಯಲ್ಲಿ ಬೆಂಗಳೂರಿನ ರಸ್ತೆಗಿಳಿದರು. ಕೇಂದ್ರ ಸರ್ಕಾರ ನಿಯಮ ಹಿಂತೆಗೆದುಕೊಂಡಿತು. ಒಂದು ಕೊರಳಪಟ್ಟಿ ಕೂರಿಸಲು ಮೂರು ಸಲ ಬಿಚ್ಚಿ ಹೊಲಿದವರಿಗೆ ಇನ್ನೂರು ರೂಪಾಯಿ ಅಗ್ಗವೆಂದು ಹೇಳಲು ನಾಲಿಗೆ ಅಷ್ಟು ಸಲೀಸಾಗಿ ಹೊರಳುವುದಿಲ್ಲ.

ಕೆಳಅಂಚಿನ ವಿಷಯವೊಂದು ಬಾಕಿ. ಬನಿಯನ್ ಬಟ್ಟೆ ಕತ್ತರಿಸಿದಲ್ಲಿ ನೂಲು ಉದುರುವುದಿಲ್ಲ, ಆದ್ದರಿಂದ ಮಡಚಿ ಹೊಲಿಯದೆ ಹಾಗೇ ಬಿಟ್ಟರೂ ನಡೆಯುತ್ತದೆಂದು ವಾದಿಸುವುದು ನನ್ನ ಕೊನೆಯ ಅಂಶವಾಗಿತ್ತು. ಆದರೆ ಕೆಳಅಂಚು ಮುಖದ ಕಡೆಗೂ ಪಕ್ಕದ ಅಂಚು ಬೆನ್ನಿನ ಕಡೆಗೂ ಸುತ್ತಿಕೊಳ್ಳುವುದು ಈ ಬಟ್ಟೆಯ ಹುಟ್ಟುಗುಣ. ವಕೀಲರು ಇಷ್ಟು ಹೊತ್ತು ಗಂಟಲು ಹರಿದುಕೊಂಡ ಮೇಲೂ, ಕಟಕಟೆಯಲ್ಲಿ ನಿಂತ ಕಕ್ಷಿದಾರ ನ್ಯಾಯಾಧೀಶರ ಕಣ್ಣೆದುರೇ ಎರಡೂ ದಿಕ್ಕಿಗೆ ಸುರುಳಿ ಸುತ್ತಿಕೊಳ್ಳುತ್ತಿದ್ದಾನೆ.