ಆಟದ ಖಜಾನೆಗೊಂದು ಬಿನ್ನವತ್ತಳೆ

ಲಕ್ಷೋಪಲಕ್ಷ ಜನ ಕೂಡಿ ಆಡುವ ಆನ್‌ಲೈನ್ ಆಟಗಳ ಖಜಾನೆಯನ್ನು ಕಾಯುತ್ತ, ನಾಣ್ಯದ ಸಮತೋಲವನ್ನೂ ಆಟಗಾರರ ನಡುವಿನ ನ್ಯಾಯವನ್ನೂ ಹಗಲಿರುಳೆನ್ನದೆ ಪಾಲಿಸುತ್ತಿರುವ ಮಹಾನುಭಾವರಿಗೆ, ಸಿಂಧನೂರು ತಾಲೂಕಿನ ಸಾಲಗುಂದ ಸೀಮೆಯ ಕೃತಜ್ಞ ಜನರು ಅರ್ಪಿಸುವ ಬಿನ್ನವತ್ತಳೆ.

ಮಾನ್ಯರೇ,

ನಮ್ಮದು ಬಂಗಾರ ಕಾಣದ ಸೀಮೆಯಲ್ಲ. ಪಕ್ಕದ ಲಿಂಗಸುಗೂರು ತಾಲೂಕಿನ ಹಟ್ಟಿಯಲ್ಲಿ ಕಾರ್ಮಿಕರು ಇಂದಿಗೂ ನೆಲದಾಳಕ್ಕಿಳಿದು, ಅದಿರು ಒಡೆದು, ಮೇಲೆತ್ತಿ, ಅರೆದು, ತೊಳೆದು, ಒಂದು ಟನ್ನಿಗೆ ಕೆಲವೇ ಗ್ರಾಂ ಬಂಗಾರ ತೆಗೆಯುವ ಒರಟು ಪದ್ಧತಿಗೆ ಜೋತುಬಿದ್ದಿದ್ದಾರೆ. ತಾವಾದರೋ ಬೆವರಿನ ಹಂಗಿಲ್ಲದೆ, ಕುಳಿತ ಕುರ್ಚಿಯಿಂದಲೇ ಹೊನ್ನಿನ ಹೊಳೆ ಹರಿಸುತ್ತೀರಿ. ಹೊಳೆ ಉಕ್ಕಿ ಬೆಲೆಯೇರಿಕೆಯಾದೀತೆಂಬ ಸುಳಿವು ಸಿಕ್ಕೊಡನೆ ದುರಸ್ತಿ ಶುಲ್ಕ, ಮಾರಾಟ ಸುಂಕ, ಮೇಲ್ದರ್ಜೆಗೇರಿಸುವ ವೆಚ್ಚ ಎಂಬ ತೂಬುಗಳನ್ನೆತ್ತಿ, ಆಡಿದವನು ತಿಂಗಳುಗಟ್ಟಲೆ ಕೂಡಿಟ್ಟದ್ದನ್ನು ಒಂದೇ ರಾತ್ರಿಯಲ್ಲಿ ಬಸಿದು, ಮರುದಿನ ಅವನು ಹೊಸ ಹುರುಪಿನಿಂದ ಮೊದಲಿನಿಂದ ಶುರುಮಾಡುವ ಸೌಭಾಗ್ಯವನ್ನು ಕರುಣಿಸುತ್ತೀರಿ.

ನಮ್ಮ ಜಿಲ್ಲೆ ನಿಜಾಮರ ಆಳ್ವಿಕೆಯಲ್ಲಿದ್ದಾಗ ಇಲ್ಲಿ ಹೈದರಾಬಾದಿನ ಹಾಲಿ ಸಿಕ್ಕಾ ನಡೆಯುತ್ತಿತ್ತು, ಗಡಿಯಾಚೆ ಬ್ರಿಟಿಷರ ಕಲ್ದಾರ. 100 ಕಲ್ದಾರಕ್ಕೆ ಸುಮಾರು 116 ಹಾಲಿ ಎಂಬುದು ಲೆಕ್ಕ. ಆ ಏರ್ಪಾಡಿನಲ್ಲೊಂದು ದೊಡ್ಡ ಲೋಪವಿತ್ತು: ಕಲ್ದಾರ ಕೊಟ್ಟು ಹಾಲಿ ಪಡೆದವನು ಮನಸ್ಸು ಬದಲಾದರೆ ಹಾಲಿ ಕೊಟ್ಟು ಕಲ್ದಾರ ಪಡೆಯಬಹುದಿತ್ತು. 1959ರಲ್ಲಿ ಚಲಾವಣೆ ನಿಂತ ಆ ಹಾಲಿ ನಾಣ್ಯದ ಚಂಚಲತೆಯನ್ನು ತಾವು ಬೇರುಸಹಿತ ಕಿತ್ತೊಗೆದಿದ್ದೀರಿ. ತಮ್ಮ ವಿನಿಮಯದ ಕಟ್ಟೆಯಲ್ಲಿ ಒಂದೇ ಬಾಗಿಲು. ರೂಪಾಯಿ ಒಳಗೆ ಹೋಗುತ್ತದೆ, ಯೂಸಿ, ಡೈಮಂಡ್ ಎಂಬ ಆಟದ ನಾಣ್ಯವಾಗುತ್ತದೆ, ಹೊರಗೆ ಬರುವ ಚಪಲವನ್ನು ಶಾಶ್ವತವಾಗಿ ಕಳೆದುಕೊಳ್ಳುತ್ತದೆ. ಕೊಂಡವನಿಗೆ ಆಸ್ತಿಯ ಮೋಹ ಅಂಟದಿರಲೆಂದು, ಆ ನಾಣ್ಯ ಅವನ ಸ್ವತ್ತೇ ಅಲ್ಲ, ಬಳಸಲು ಕೊಟ್ಟ ಪರವಾನಗಿ ಮಾತ್ರ ಎಂದು ಯಾರೂ ಓದದ ಒಪ್ಪಂದದಲ್ಲಿ ಬರೆದಿಟ್ಟಿರುವ ತಮ್ಮ ವೈರಾಗ್ಯಬೋಧೆಗೆ ಎಣೆಯುಂಟೆ?

ಇನ್ನು ದರಪಟ್ಟಿಯಲ್ಲಿ ಮೆರೆಯುವ ಸಾಮಾಜಿಕ ನ್ಯಾಯ. ಬಿಜಿಎಂಐ ಎಂಬ ಮೊಬೈಲ್ ಆಟದಲ್ಲಿ 6000 ಯೂಸಿ ಕೊಳ್ಳುವ ಧಣಿಗೆ ಮೇಲೆ 2100 ಉಚಿತ. 60 ಯೂಸಿ ಕೊಳ್ಳುವ ಬಡವನಿಗೆ ಮೇಲೊಂದೂ ಇಲ್ಲ. ಪುಕ್ಕಟೆ ಕೊಟ್ಟರೆ ಬಡವನ ಸ್ವಾಭಿಮಾನಕ್ಕೆ ಧಕ್ಕೆಯಾದೀತೆಂಬ ಇಂಥ ಸೂಕ್ಷ್ಮ ಕಾಳಜಿಯನ್ನು ನಾವು ಯಾವ ರೇಷನ್ ಅಂಗಡಿಯಲ್ಲೂ ಕಂಡವರಲ್ಲ. ಮಕ್ಕಳ ವಿಷಯದಲ್ಲಂತೂ ತಾವು ತೋರಿದ ಸಂಯಮ ಪ್ರಾತಃಸ್ಮರಣೀಯ. 2021ರಲ್ಲಿ ಇದೇ ಆಟ ಬಂದಾಗ, 18 ತುಂಬದ ಹುಡುಗರು ದಿನಕ್ಕೆ 7000 ರೂಪಾಯಿಗಿಂತ ಹೆಚ್ಚು ಖರ್ಚು ಮಾಡಕೂಡದೆಂದು ಕಟ್ಟುನಿಟ್ಟಿನ ಮಿತಿ ಹಾಕಲಾಯಿತು. ಭತ್ತ ನಾಟಿಗೆ ಬಗ್ಗಿದ ತಾಯಿಯೊಬ್ಬಳು ವಾರವಿಡೀ ದುಡಿದರೂ ಮಗ ಈ ಮಿತಿಯನ್ನು ಮೀರಲಾರ ಎಂಬ ಭರವಸೆಯಿಂದ ನಮ್ಮ ಊರಿನ ಮನೆಗಳು ಅಂದಿನಿಂದ ನಿಶ್ಚಿಂತೆಯಾಗಿ ಮಲಗುತ್ತಿವೆ.

ಲೂಟ್ ಬಾಕ್ಸ್ ಎಂಬ ಮುಚ್ಚಿದ ಪೆಟ್ಟಿಗೆಯನ್ನು ಮಾರುವ ಕಲೆಯಲ್ಲಿ ತಮ್ಮನ್ನು ಮೀರಿಸುವವರಿಲ್ಲ. ಸಂತೆಯಲ್ಲಿ ಕಾಳುಕಡಿಯನ್ನು ಅಂಗೈಗೆ ಸುರಿಸಿಕೊಂಡು, ಕಚ್ಚಿ ನೋಡಿ ಕೊಳ್ಳುವ ನಮ್ಮ ಜನರ ಅಪನಂಬಿಕೆಯನ್ನು ತಿದ್ದಿ, ಒಳಗೇನಿದೆಯೆಂದು ಕೇಳದೆ ಹಣ ಕೊಡುವ ಉದಾತ್ತ ಶ್ರದ್ಧೆಯನ್ನು ಎಳೆಯರಲ್ಲಿ ಬಿತ್ತಿದವರು ತಾವು. ಪೆಟ್ಟಿಗೆಯಲ್ಲಿ ಯಾವುದು ಸಿಗುವ ಸಂಭವ ಎಷ್ಟೆಂದು ಬಹಿರಂಗಪಡಿಸಬೇಕೆಂಬ ಕಟ್ಟಪ್ಪಣೆಯನ್ನು 2017ರಲ್ಲಿ ಚೀನಾ ಜಾರಿಗೆ ತಂದಿತು, 2018ರಲ್ಲಿ ಬೆಲ್ಜಿಯಂ ಕೆಲವು ಆಟಗಳ ಪೆಟ್ಟಿಗೆಗಳನ್ನು ಜೂಜೆಂದೇ ಕರೆಯಿತು. ಸಣ್ಣ ಮನಸ್ಸಿನವರು ಎಲ್ಲ ಕಾಲಕ್ಕೂ ಇರುತ್ತಾರೆ.

ಸಮತೋಲದ ಮಾತು ಬಂದಾಗ 2017ರ ‘ಸ್ಟಾರ್ ವಾರ್ಸ್ ಬ್ಯಾಟಲ್‌ಫ್ರಂಟ್ 2’ ಆಟವನ್ನು ನೆನೆಯದಿದ್ದರೆ ಅಪಚಾರವಾದೀತು. ಪೂರ್ತಿ ಬೆಲೆ ತೆತ್ತು ಆಟ ಕೊಂಡವರು ಒಬ್ಬೊಬ್ಬ ಪ್ರಮುಖ ನಾಯಕ ಪಾತ್ರವನ್ನು ಪಡೆಯಲು 60,000 ನಾಣ್ಯ ಗಳಿಸಬೇಕಿತ್ತು. ಗಂಟೆಗಟ್ಟಲೆ ಬೆವರಿಳಿಸಿದರೆ ಹೆಮ್ಮೆ, ಸಾಧನೆಯ ಭಾವ ಮೂಡುತ್ತದೆಂದು ಆಟ ಹೊರತಂದ ಇಎ ಸಂಸ್ಥೆ ತಿಳಿಹೇಳಿತು. ಆ ಹಿತವಚನಕ್ಕೆ ರೆಡಿಟ್ ಜಾಲತಾಣದಲ್ಲಿ ಆರು ಲಕ್ಷಕ್ಕೂ ಹೆಚ್ಚು ಅಸಮ್ಮತಿಯ ಗುರುತುಗಳು ಬಿದ್ದು, ಕಡೆಗೆ ಬೆಲೆಯನ್ನು 15,000ಕ್ಕೆ ಇಳಿಸಲಾಯಿತು. ಆದರೆ ತಕ್ಕಡಿ ವಾಲಬಾರದಲ್ಲ! ಕಥಾಭಾಗ ಮುಗಿಸಿದವರಿಗಿದ್ದ ಬಹುಮಾನವೂ 20,000ದಿಂದ 5,000ಕ್ಕಿಳಿಯಿತು. ಬಲಗೈ ಕೊಟ್ಟದ್ದನ್ನು ಎಡಗೈ ಅಳೆದು ಹಿಂಪಡೆಯುವ ಇಂಥ ಕರಾರುವಾಕ್ಕು ನ್ಯಾಯವೇ ಸಮತೋಲ.

ಎಷ್ಟೋ ಆಟಗಳಲ್ಲಿ ದುಡ್ಡು ಕೊಟ್ಟವನ ಕೈಯಲ್ಲಿ ಬಲಿಷ್ಠ ಆಯುಧ, ಕೊಡದವನ ಕೈಯಲ್ಲಿ ಬರೀ ಛಲ. ಇದನ್ನು ಅನ್ಯಾಯವೆನ್ನುವವರಿಗೆ ತುಂಗಭದ್ರಾ ಎಡದಂಡೆ ಕಾಲುವೆಯನ್ನೊಮ್ಮೆ ತೋರಿಸಬೇಕು. ಮೇಲ್ಭಾಗದವರು ಗದ್ದೆ ತುಂಬಿಸಿಕೊಂಡ ಮೇಲೆ ಕೊನೆ ಭಾಗದವರು ರಸ್ತೆ ತಡೆದು, ನೀರಿನ ಮಟ್ಟದ ಗೇಜ್ ಕಾಯ್ದುಕೊಳ್ಳಿರೆಂದು ಕೂಗಿ, ಅಧಿಕಾರಿಗಳ ನಿದ್ದೆ ಕೆಡಿಸುತ್ತಾರೆ. ತಮ್ಮ ರಾಜ್ಯದಲ್ಲಿ ಇಂಥ ಗಲಾಟೆಯಿಲ್ಲ. ಕೊನೆ ಭಾಗದವನನ್ನೂ ತಾವು ಪ್ರೀತಿಯಿಂದ ಉಚಿತವಾಗಿ ಒಳಗೆ ಕರೆದು, ಆದರದಿಂದ ಕಣದಲ್ಲಿ ನಿಲ್ಲಿಸುತ್ತೀರಿ. ಅವನಿಲ್ಲದಿದ್ದರೆ ದುಡ್ಡು ಕೊಟ್ಟವನು ಹೊಡೆಯುವುದಾದರೂ ಯಾರನ್ನು? ಹೀಗೆ ಬಡವನ ಇರುವಿಕೆಯನ್ನೇ ಧಣಿ ಕೊಳ್ಳುವ ಸರಕನ್ನಾಗಿಸಿ, ಇಬ್ಬರಿಗೂ ಸಮಾನ ಪ್ರವೇಶ ಕೊಟ್ಟ ಸಮತಾವಾದ ಬೇರೆಲ್ಲುಂಟು? ಆ ಧಣಿಗೂ ಅಹಂಕಾರ ಬರಬಾರದೆಂದು, ಎಲ್ಲರೂ ಆ ಆಯುಧವನ್ನು ಕೊಂಡು ಮುಗಿಸಿದ ಮೇಲೆ ‘ಸಮತೋಲ ಪರಿಷ್ಕರಣೆ’ ಎಂಬ ಮಂತ್ರದಿಂದ ಅದನ್ನು ಮೊಂಡು ಮಾಡಿ, ಮುಂದಿನ ವಾರವೇ ಹೊಸದೊಂದನ್ನು ಮಾರಾಟಕ್ಕಿಡುವ ನಿಷ್ಪಕ್ಷಪಾತಕ್ಕೆ ನಮ್ಮ ನಮನ.

ಸರ್ಕಾರಗಳು ತಮ್ಮ ಹಿರಿಮೆಯನ್ನು ಅರಿಯಲು ತುಸು ತಡವಾಯಿತು. ಕರ್ನಾಟಕ 2021ರಲ್ಲಿ ಪೊಲೀಸ್ ಕಾಯ್ದೆ ತಿದ್ದಿ ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಿತು. 2022ರ ಫೆಬ್ರವರಿಯಲ್ಲಿ ಹೈಕೋರ್ಟ್ ಆ ನಿಷೇಧವನ್ನು ರದ್ದುಪಡಿಸಿತು. 2025ರ ಆಗಸ್ಟ್‌ನಲ್ಲಿ ಸಂಸತ್ತು ಒಪ್ಪಿದ ಕಾನೂನು, ಹಣ ಕಟ್ಟಿ ಹಣ ಗೆಲ್ಲುವ ಆಸೆಯ ಆಟಗಳನ್ನು ದೇಶಾದ್ಯಂತ ನಿಷೇಧಿಸಿ, ಅಂಥ ಆಸೆಯಿಲ್ಲದ ಆಟಗಳಿಗೆ ಹಾದಿ ಬಿಟ್ಟಿತು. ತಮ್ಮ ದೂರದೃಷ್ಟಿ ಬೆಳಗಿದ್ದು ಇಲ್ಲಿಯೇ. ಮರಳಿ ಒಂದು ಪೈಸೆಯೂ ಬಾರದಂತೆ ಮೊದಲೇ ನೋಡಿಕೊಂಡಿದ್ದರಿಂದ ತಮ್ಮಲ್ಲಿ ಆಡುವವನು ಜೂಜುಕೋರನಲ್ಲ, ಫಲಾಪೇಕ್ಷೆಯಿಲ್ಲದ ನಿಷ್ಕಾಮ ಕರ್ಮಯೋಗಿ. ಗೆಲ್ಲುವ ಅಪಾಯದಿಂದ ಪ್ರಜೆಯನ್ನು ಕಾನೂನು ಕಾಪಾಡಿತು. ಕಳೆದುಕೊಳ್ಳುವ ಹಕ್ಕನ್ನು ತಾವು ಕಾಪಾಡಿದಿರಿ.

ಇಂತು ತಮ್ಮ ಗುಣಗಳನ್ನು ಕೊಂಡಾಡಿ, ಸನ್ಮಾನದ ಶಾಲನ್ನು ತಮ್ಮದೇ ಪದ್ಧತಿಯಂತೆ ಮುಚ್ಚಿದ ಪೆಟ್ಟಿಗೆಯಲ್ಲಿಟ್ಟು ಅರ್ಪಿಸುತ್ತಿದ್ದೇವೆ. ತೆರೆಯುವ ಶುಲ್ಕ ಅತ್ಯಲ್ಪ. ಮೊದಲ ಸಲ ಬಾಳೆಹಣ್ಣು ಬಂದರೆ ಬೇಸರ ಬೇಡ. ಮತ್ತೆ ಮತ್ತೆ ಶುಲ್ಕ ತೆತ್ತು ತೆರೆಯುವ ಸಂಪೂರ್ಣ ಸ್ವಾತಂತ್ರ್ಯ ತಮಗಿದೆ.

ತಮ್ಮ ವಿನಮ್ರ ಅಭಿಮಾನಿಗಳು,
ಸಾಲಗುಂದ ಸೀಮೆಯ ಸಮಸ್ತರು