ಪೆಡಿಗ್ರೀ ಪುರಾಣ

ಶಿರಾಳಕೊಪ್ಪದ ಬಸ್ ಸ್ಟ್ಯಾಂಡು. ಶಿಕಾರಿಪುರದ ಅಳಿಯನ ಬುಟ್ಟಿಯಲ್ಲಿ ಬೆಕ್ಕು. ಸೊರಬದ ಸೋದರಮಾವನ ಕೈಯಲ್ಲಿ ಟೀ.

‘ಮಾವ, ಹೊಸ ತಳಿ! ಹೆಸರು ಶಿಕಾರಿ ಲಾಂಗ್‌ಹೇರ್.’

‘ಇಲಿ ಹಿಡೀತದಾ?’

‘ಛೆ! ಪೆಡಿಗ್ರೀ ಮಾವ. ಇಲಿ ಕಂಡ್ರೆ ಮಂಚ ಹತ್ತುತ್ತೆ.’

‘ಶಿಕಾರಿ ಹೆಸರಲ್ಲೇ ಮುಗೀತು ಅನ್ನು. ಅಪ್ಪ ಯಾರು ಇದಕ್ಕೆ?’

‘ವಂಶಾವಳಿ ಬರೆಸ್ತಿದೀನಿ.’

‘ನಿನ್ನ ಮುತ್ತಜ್ಜನ ಹೆಸರೇನೋ?’

‘ನನ್ನನ್ನ ಯಾರೂ ಷೋಗೆ ಕರೆದಿಲ್ವಲ್ಲ!’

‘ನಮ್ಮ ಮಲೆನಾಡು ಗಿಡ್ಡ ಹಸುವನ್ನ ಹರಿಯಾಣದ ಕರ್ನಾಲ್‌ನವರು ತಳಿ ಅಂತ ನೋಂದಾಯಿಸಿದ್ರು. ಪಾಪ, ಅದಕ್ಕೆ ಸುದ್ದಿ ಮುಟ್ಟಿಲ್ಲ. ಈಗ್ಲೂ ಬೇಲಿ ಹಾರ್ತದೆ.’

‘ಕಿವಿ ನೋಡಿ, ಮಡಚಿದೆ! 1961ರಲ್ಲಿ ಸ್ಕಾಟ್ಲೆಂಡಲ್ಲಿ ಇಂಥದ್ದೇ ಬೆಕ್ಕು ಸಿಕ್ಕಿ ಜಗತ್ಪ್ರಸಿದ್ಧ ಆಯ್ತು.’

‘ಆ ಕಿವಿ ಮೃದುಮೂಳೆಯ ದೋಷ ಅಂತಲ್ಲೋ? ಕೀಲುನೋವೂ ಬರ್ತದಂತೆ.’

‘ಅದೇ ಮಾವ ತಳಿಲಕ್ಷಣ!’

‘ನಿಮ್ಮತ್ತೆಗೂ ಕೀಲುನೋವು. ಅವಳಿಗೂ ಒಂದು ಸರ್ಟಿಫಿಕೇಟು ಮಾಡಿಸು.’