ಒಂಚೂರು ಗಂಜಿ ಸಾಕು

ಸಾಗರ, ಹೊಸನಗರ, ತೀರ್ಥಹಳ್ಳಿ, ಈ ಮೂರು ತಾಲ್ಲೂಕಿನ ಯಾವ ಮನೆಗೆ ಹೋದರೂ ನೆಂಟರ ಪೈಕಿ ಒಬ್ಬ ಗಂಜಿ ಭಾವ ಇದ್ದೇ ಇರುತ್ತಾರೆ. ಬಹಳ ಸರಳ ಮನುಷ್ಯ ಎಂದು ಊರೆಲ್ಲ ಹೊಗಳುತ್ತದೆ. ಅಡುಗೆಮನೆ ಮಾತ್ರ ಈ ವಿಷಯದಲ್ಲಿ ಬಾಯಿ ಬಿಡುವುದಿಲ್ಲ.

ಜಡಿಮಳೆಯಲ್ಲಿ ಬಂದು, ಕೊಡೆ ಮಡಚಿ ಜಗಲಿ ಹತ್ತುತ್ತಲೇ ಶುರು: "ಅತ್ಗೆ, ನಂಗೆ ಅಂತ ಎಂತದೂ ಮಾಡಕ್ಕೆ ಹೋಗ್ಬೇಡಿ. ಒಂಚೂರು ಗಂಜಿ ಇದ್ರೆ ಸಾಕು."

ಅತ್ತಿಗೆಯ ಎದೆ ಧಸಕ್ಕೆನ್ನುತ್ತದೆ. ಪಾಯಸ ಎಂದಿದ್ದರೆ ಅರ್ಧ ಗಂಟೆಯಲ್ಲಿ ಮುಗಿದುಹೋಗುತ್ತಿತ್ತು.

ಬೆಳ್ತಿಗೆ ಅಕ್ಕಿಯದು ಭಾವನ ಪ್ರಕಾರ ಗಂಜಿಯಲ್ಲ, ಜ್ವರದವರ ಪಥ್ಯ. ಕುಸುಬಲಕ್ಕಿಯೇ ಆಗಬೇಕು, ಅದೂ ಕಟ್ಟಿಗೆ ಒಲೆಯ ಮೇಲೆ. ಒಳಗೆ ಕುಕ್ಕರ್ ಕೂಗಿದರೆ ಜಗಲಿಯಲ್ಲಿ ಇವರ ಮುಖ ಬಾಡುತ್ತದೆ. ಅಗುಳು ಬೆಂದಿರಬೇಕು, ಒಡೆದಿರಬಾರದು. ತುಪ್ಪ ಆಗಷ್ಟೇ ಕಾಸಿದ್ದಿರಬೇಕು. ಇನ್ನು ನಂಜಿಕೊಳ್ಳಲು "ಏನಾದ್ರೂ ಒಂದು". ಆ ಒಂದರಲ್ಲಿ ಸೂಜಿಮೆಣಸು ಹಾಕಿ ಒರಳಲ್ಲಿ ರುಬ್ಬಿದ ಕಾಯಿಚಟ್ನಿ, ಒಂದೆಲಗದ ತಂಬುಳಿ, ಸುಟ್ಟ ಬದನೆಕಾಯಿ ಗೊಜ್ಜು, ಕರಿದ ಮಜ್ಜಿಗೆಮೆಣಸು ಸೇರಿವೆ. ಹಲಸಿನ ಹಪ್ಪಳ ಕೆಂಡದಲ್ಲೇ ಸುಡಬೇಕು. ತೀರ್ಥಹಳ್ಳಿ ಕಡೆ ಗೌಡರ ಮನೆಯ ಗಂಜಿ ಭಾವನಾದರೆ ತಂಬುಳಿಯ ಜಾಗದಲ್ಲಿ ಸುಟ್ಟ ಒಣಮೀನು, ಸೀಗಡಿ ಚಟ್ನಿ. ಸರಳತೆ ಅಷ್ಟೇ.

ನಿಜವಾದ ಪರೀಕ್ಷೆ ಅಪ್ಪೆಮಿಡಿ ಉಪ್ಪಿನಕಾಯಿಯದ್ದು. ಮಿಡಿಯನ್ನು ತೊಟ್ಟು ಹಿಡಿದು ಎತ್ತುತ್ತಾರೆ. ತೊಟ್ಟಿಲ್ಲದ್ದು ಉದುರಿ ಬಿದ್ದದ್ದು ಎಂದರ್ಥ, ಅದು ಅಲ್ಲೇ ಅನರ್ಹ. ರಸ ತೊಟ್ಟಿಕ್ಕಲು ಬಿಟ್ಟು, ಕಣ್ಣು ಮುಚ್ಚಿ ಮೂಸಿ, ತುದಿಯನ್ನು ಕಟಕ್ಕೆಂದು ಕಚ್ಚುತ್ತಾರೆ. ಮನೆಮಂದಿ ಉಸಿರು ಬಿಗಿಹಿಡಿದು ಕಾಯಬೇಕು.

"ಜೀರಿಗೆ ಪರಿಮಳ ಇದೆ. ಆದ್ರೆ ಇದು ಹೊಳೆದಂಡೆ ಮರದ್ದಲ್ಲ ಅಲ್ದಾ?"

ಅಲ್ಲ ಎಂದು ಅತ್ತಿಗೆ ಒಪ್ಪಿಕೊಳ್ಳುತ್ತಾರೆ. ಅಲ್ಲಿಂದ ಮಾತು ಶರಾವತಿಗೆ. ಲಿಂಗನಮಕ್ಕಿಯಲ್ಲಿ ನೀರು ನಿಂತು ಎಂಥೆಂಥ ಅಪ್ಪೆಮರ ಮುಳುಗಿತು, ಆ ಸೊನೆಯ ಘಾಟು ಈಗೆಲ್ಲಿದೆ ಎಂದು ಭಾವ ನಿಟ್ಟುಸಿರಿಡುತ್ತಾರೆ. ಅಣೆಕಟ್ಟು ಮುಗಿದದ್ದು 1964ರಲ್ಲಿ, ಭಾವ ಹುಟ್ಟಿದ್ದು ಅದಾದ ಮೇಲೆ. ಈ ಲೆಕ್ಕವನ್ನು ಎದುರಿಗೆ ತೆಗೆಯುವ ಧೈರ್ಯ ಯಾರಿಗೂ ಇಲ್ಲ.

ಸಿಂಗಪುರದಲ್ಲಿರುವ ಅಳಿಯ ಒಮ್ಮೆ ಹೇಳಿದನಂತೆ: ಚೀನಾದ ದಕ್ಷಿಣ ಕರಾವಳಿಯಿಂದ ಬಂದ ತಿಯೋಚ್ಯೂ ಜನ ಅಲ್ಲಿದ್ದಾರೆ, ಅವರದೂ ಅಗುಳು ಒಡೆಯದ ಗಂಜಿಯೇ, ಸುತ್ತ ಪುಟ್ಟ ಪುಟ್ಟ ತಟ್ಟೆಯಲ್ಲಿ ಉಪ್ಪಿಗೆ ಹಾಕಿದ ಮೂಲಂಗಿ, ಉಪ್ಪಿನ ಬಾತುಮೊಟ್ಟೆ, ಮೀನು ಎಲ್ಲ ಇರುತ್ತದೆ ಎಂದು. ಭಾವ ಗಂಭೀರವಾಗಿ ಕೇಳಿಸಿಕೊಂಡರು. "ಎಲ್ಲ ಸರಿ ಮಾರಾಯ. ಮಿಡಿ ಇಲ್ದೆ ಹ್ಯಾಂಗೆ ಉಣ್ತಾರೆ, ಪಾಪ?" ಮುಂದಿನ ಸಲ ಅವನ ಸೂಟ್‌ಕೇಸಿನಲ್ಲಿ ಬಟ್ಟೆಗಿಂತ ಉಪ್ಪಿನಕಾಯಿ ಬಾಟಲಿಯೇ ಹೆಚ್ಚಿತ್ತು.

ನಾಲ್ಕನೇ ಸಲ ಗಂಜಿ ಬಡಿಸಿಕೊಂಡು, ಕಡೆಗೊಂದು ಸೌಟು ಬರೀ ತಿಳಿ ಕುಡಿದು, ಭಾವ ಏಳುತ್ತಾರೆ. ಒಳಗೆ ಹನ್ನೆರಡು ಪಾತ್ರೆ, ಒರಳು, ಮಸಿ ಹಿಡಿದ ಇಕ್ಕಳ ತೊಳೆಯಲು ಕಾದಿರುತ್ತವೆ. ಸಂಜೆ ಪಕ್ಕದೂರಿನ ತಂಗಿಯ ಮನೆ ಜಗಲಿಯಲ್ಲಿ ಕೊಡೆ ಮಡಚುತ್ತಾ ಹೇಳುತ್ತಾರೆ: "ಮಧ್ಯಾಹ್ನ ಅಣ್ಣನ ಮನೇಲಿ ಊಟ ಆಯ್ತು ತಂಗಿ. ಪಾಪ, ಅತ್ಗೆಗೆ ಈಗೀಗ ಕೈಲಾಗಲ್ಲ ಅನ್ಸುತ್ತೆ. ಬರೀ ಗಂಜಿ ಹಾಕಿದ್ರು."